ಬಾಂಗ್ಸಾರಿನಲ್ಲೊಂದು ತಡವಾದ ರೋಸ್

ನನ್ನ ಮಾವನವರು ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ. ತಪ್ಪು ನನ್ನದೇ. ಮುಚ್ಚಿಟ್ಟು ನನಗೇನು ಸಿಗಬೇಕಾಗಿದೆ, ಹೇಳಿಬಿಡುತ್ತೇನೆ.

ನಮ್ಮ ಮದುವೆಯಾದದ್ದು ಕೊರೊನಾ ಕಾಲದಲ್ಲಿ, ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ, ಇಪ್ಪತ್ತೇ ಜನರ ಮುಂದೆ. ಹುಡುಗಿ ಮಂಗಳೂರಿನ ಕ್ಯಾಥೊಲಿಕ್ ಮನೆತನದವಳು. ಅವಳ ಅಪ್ಪ ಅಮ್ಮ ಇರುವುದು ಕ್ವಾಲಾಲಂಪುರದ ಬಾಂಗ್ಸಾರಿನಲ್ಲಿ. ಮಾವನವರಿಗೆ ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಸಾಗಿಸುವ ಕೆಲಸ. ವಿಮಾನ ಬಂದ್, ಗಡಿ ಬಂದ್. ಇದ್ದೊಬ್ಬ ಮಗಳ ಮದುವೆಯನ್ನು ಅವರು ಟಿ.ವಿ. ಪರದೆಯ ಮೇಲೆ ನೋಡುವುದೆಂದಾಯಿತು. ಫೋನಿನ ಉಸ್ತುವಾರಿ ನನ್ನದು. ನಾನೋ, ಬೆಳಿಗ್ಗೆಯಿಂದ ಪೇಟ ಸುತ್ತಿಕೊಂಡು ಸೆಲ್ಫಿ ತೆಗೆದುಕೊಂಡದ್ದೇ ತೆಗೆದುಕೊಂಡದ್ದು. ಸರಿಯಾಗಿ ತಾಳಿ ಎತ್ತಿದ ಹೊತ್ತಿಗೆ ಚಾರ್ಜ್ ಮುಗಿದು ಫೋನ್ ಸತ್ತಿತು. ಅದಕ್ಕೆ ಮತ್ತೆ ಜೀವ ಬಂದಾಗ ಬಾಂಗ್ಸಾರಿನ ಟಿ.ವಿ. ತುಂಬ ಕಂಡದ್ದು ಹೋಳಿಗೆ ಜಗಿಯುತ್ತಿದ್ದ ನನ್ನ ಬಾಯಿ.

ಅಂದಿನಿಂದ ವಿಡಿಯೋ ಕಾಲಿನಲ್ಲಿ ನಾನು ಇಣುಕಿದರೆ ಸಾಕು, ಮಾವನವರ ಫೋನು ಚಾವಣಿ ನೋಡುತ್ತಿತ್ತು. ಅವರ ಮನೆಯ ಫ್ಯಾನಿಗೆ ಮೂರು ರೆಕ್ಕೆ, ಅದರಲ್ಲಿ ಒಂದರ ತುದಿಗೆ ಧೂಳು. ಮಾವನ ಮುಖಕ್ಕಿಂತ ಆ ಫ್ಯಾನಿನ ಪರಿಚಯವೇ ನನಗೆ ಹೆಚ್ಚು.

ಗಡಿ ತೆರೆದ ಮೇಲೆ ನಾಲ್ಕು ದಿನಕ್ಕೆಂದು ಮಾಸ್ಕ್ ಹಾಕಿಕೊಂಡು ಹೊರಟೆವು. ಊರು ನೋಡೋಣ ಎಂದು ಬಾಯಲ್ಲಿ ಹೇಳಿದ್ದೆ. ಮನಸ್ಸಿನಲ್ಲಿದ್ದದ್ದು ಒಂದೇ: ವಾಪಸು ವಿಮಾನ ಹತ್ತುವ ಮೊದಲು ಈ ಮನುಷ್ಯ ನನಗೆಂದೇ ಒಂದು ಮಾತಾಡಬೇಕು. ಬೈಗುಳವಾದರೂ ಸೈ.

ಮೊದಲ ಊಟಕ್ಕೇ ಗೊತ್ತಾಯಿತು, ಇದು ಸುಲಭದ ಕೆಲಸವಲ್ಲ. ನಾನು ಪಕ್ಕದಲ್ಲೇ ಕೂತಿದ್ದರೂ ಮಾವನವರು ಮಗಳಿಗೆ, "ನಿನ್ನ ಗಂಡನಿಗೆ ಅನ್ನ ಬೇಕಾ ಕೇಳು," ಎಂದರು.

ನಾನೇನು ಕಡಿಮೆಯೇ? "ಸಾಕಂತ ಹೇಳು ನಿಮ್ಮಪ್ಪಾಗ," ಎಂದೆ.

"ನಾನೇನು ನಿಮ್ಮಿಬ್ಬರ ಟೆಲಿಫೋನಾ ಲಾ!" ಎಂದು ಅವಳು ಅಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಸಿಡುಕಿದಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಮರುದಿನ ಮಾವನವರೇ ಅವಳಿ ಗೋಪುರ ತೋರಿಸಲು ಕರೆದೊಯ್ದರು. ಆ ಎತ್ತರವನ್ನು ಫೋಟೋದಲ್ಲಿ ಹಿಡಿಯಲು ಪಾಪ, ನೆಲಕ್ಕೇ ಮೊಣಕಾಲೂರಿ, ಕತ್ತು ಸೊಟ್ಟ ಮಾಡಿ ಒದ್ದಾಡಿದರು. ಮನೆಗೆ ಬಂದು ನೋಡಿದರೆ ಮಗಳು ಬಂದಿದ್ದಳು, ಎಂಬತ್ತೆಂಟು ಮಹಡಿಯೂ ಬಂದಿದ್ದವು. ನನ್ನದು ಎಡ ಭುಜ ಮಾತ್ರ. ಎಲಾ ಇವರ! ಸಿಟ್ಟೂ ಬಂತು, ನಗುವೂ ಬಂತು.

ಮೂರನೆಯ ದಿನ ನಾವಿಬ್ಬರೇ ಬೆಟ್ಟದ ಮೇಲಿನ ಬಾತು ಗುಹೆಯ ಗುಡಿಗೆ ಹೋದೆವು. ಮಾವನವರಿಗೆ ಏನೋ ಕೆಲಸವಿದೆಯಂತೆ. ಇನ್ನೂರ ಎಪ್ಪತ್ತೆರಡು ಮೆಟ್ಟಿಲು, ಬಣ್ಣ ಬಣ್ಣದವು. ಅರ್ಧ ಹತ್ತುವುದರೊಳಗೆ ಒಂದು ಮಂಗ ಬಂದು ನನ್ನ ನೀರಿನ ಬಾಟಲಿ ಕಿತ್ತುಕೊಂಡು, ಎದುರಿಗೇ ಕೂತು ಕುಡಿಯಿತು. ಮಧ್ಯಾಹ್ನ ಮನೆ ಸೇರುವಾಗ ನನ್ನ ನಾಲಿಗೆ ಅಂಗುಳಿಗೆ ಅಂಟಿತ್ತು.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ತಟ್ಟೆ ಮುಚ್ಚಿದ ಸ್ಟೀಲ್ ಪಾತ್ರೆ. ಅತ್ತೆ ದಿನಾ ನನಗೆಂದು ಏನಾದರೂ ಹಾಗೆ ಮುಚ್ಚಿಡುತ್ತಿದ್ದರು. ತೆಗೆದರೆ ತೆಂಗಿನ ಹಾಲು, ದಪ್ಪಗೆ, ಬೆಳ್ಳಗೆ. ಒಂದು ಲೋಟ ಕುಡಿದೆ. ಉಪ್ಪಿಲ್ಲ, ಬೆಲ್ಲವಿಲ್ಲ. ಇಲ್ಲಿಯ ಪಾನಕ ಹೀಗೇ ಇರಬೇಕೆಂದು ಇನ್ನೆರಡು ಲೋಟ ಏರಿಸಿದೆ. ಪಾತ್ರೆಯ ತಳ ಕಂಡಿತು.

"ಅಯ್ಯೋ ದೇವಾ!" ಬಾಗಿಲಲ್ಲಿ ಅತ್ತೆ. "ಪುತಾ, ಅದು ರೋಸ್!"

ಹಾಗೆಂದರೇನೆಂದು ಅವರೇ ಹೇಳಿದರು. ಮದುವೆಯ ಹಿಂದಿನ ದಿನ ಮನೆಯವರು ಮಗಳ ಹಣೆಗೆ ಎಣ್ಣೆಯಲ್ಲಿ ಶಿಲುಬೆ ಬರೆದು, ತಲೆಗೆ ತೆಂಗಿನ ಹಾಲು ಸುರಿದು ಹರಸುವುದು ಅವರ ಕ್ರಮ. "ಅವಳಿಗೆ ಅದು ಆಗಲೇ ಇಲ್ಲ ಅಲ್ವಾ. ಇವತ್ತಾದ್ರೂ ಮಾಡುವ ಅಂತ ಇವರು. ಮಾರ್ಕೆಟಲ್ಲಿ ಮೆಶಿನ್ ಹಾಲು ಸಿಗ್ತದೆ, ಇವರಿಗೆ ಬೇಡ. ಬೆಳಿಗ್ಗೆಯಿಂದ ಕೂತು ಕೈಯಲ್ಲೇ ಹಿಂಡಿದ್ದು."

ಅಷ್ಟರಲ್ಲಿ ಮಾವನವರು ಒಳಕೋಣೆಯಿಂದ ಬಂದರು. ಆ ಸೆಕೆಯಲ್ಲಿ ಕೋಟು, ಟೈ. ಎರಡು ವರ್ಷದ ಹಿಂದೆ ಟಿ.ವಿ. ಮುಂದೆ ಕೂರಲು ಹಾಕಿಕೊಂಡಿದ್ದ ಅದೇ ಸೂಟು. ಕೈಯಲ್ಲಿ ಎಣ್ಣೆಯ ಬಟ್ಟಲು. ಅವರು ಪಾತ್ರೆ ನೋಡಿದರು, ಆಮೇಲೆ ನನ್ನ ಬಿಳಿ ಮೀಸೆ ನೋಡಿದರು. ಮತ್ತೆ ಅದೇ ಬಾಯಿ! ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ತಪ್ಪಾತ್ರಿ ಮಾವಾರ," ಎಂದೆ. "ಇದೂ ತಪ್ಪಾತು, ಅದೂ ತಪ್ಪಾತು."

ಅವರು ಒಳಗೆ ಹೋಗಿ, ಮಂಗಳೂರಿನಿಂದ ತಂದಿದ್ದ ತುರಿಮಣೆಯನ್ನೂ ಎರಡು ತೆಂಗಿನಕಾಯಿಯನ್ನೂ ತಂದು ನನ್ನ ಮುಂದಿಟ್ಟರು.

"ತುರಿ," ಎಂದರು.

ನನಗೇ ಹೇಳಿದ್ದು! ಮಗಳ ಮೂಲಕವಲ್ಲ. ನಾನು ಹುರುಪಿನಿಂದ ನೆಲಕ್ಕೆ ಕೂತು ತುರಿಯತೊಡಗಿದೆ. ಧಾರವಾಡದಲ್ಲಿ ಕಾಯಿ ಒಡೆದದ್ದುಂಟೇ ಹೊರತು ತುರಿದು ಗೊತ್ತಿಲ್ಲ. ಎರಡು ಸಲ ಬೆರಳು ತುರಿದುಕೊಂಡೆ. "ಮಾಡಿದ್ದುಣ್ಣೋ ಮಹಾರಾಯ," ಎಂದು ಹೆಂಡತಿ ಬಾಗಿಲಿಗೊರಗಿ ಮಜಾ ನೋಡುತ್ತಿದ್ದಳು. ಮಾವನವರು ಕೋಟಿನ ತೋಳು ಮಡಚಿ ಎದುರು ಕೂತು ಹಿಂಡಿದರು. "ಕರಿ ಬೀಳ್ಬಾರ್ದು. ಬಿಳಿ ಮಾತ್ರ," ಎಂದರು ಒಮ್ಮೆ. ನಾನು ಅದನ್ನೂ ಲೆಕ್ಕಕ್ಕೆ ಹಿಡಿದುಕೊಂಡೆ, ಅಲ್ಲಿಗೆ ನಾಲ್ಕು ಮಾತು ಹೆಚ್ಚಾಯಿತು.

ಧಾರವಾಡದ ನನ್ನ ಅವ್ವನೂ ನೋಡಲೆಂದು ಹೆಂಡತಿ ನನ್ನ ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಮಾವನವರು ಎಣ್ಣೆಗೆ ಬೆರಳದ್ದಿ, ಅಲ್ಲಿಗೇ ನಿಲ್ಲಿಸಿ ನನ್ನನ್ನು ನೋಡಿದರು.

"ಚಾರ್ಜ್ ಎಷ್ಟುಂಟು?"

"ನೂರಕ್ಕ ನೂರು ಐತ್ರಿ."

ಅವರು ಮಗಳ ಹಣೆಗೆ ಶಿಲುಬೆ ಬರೆದರು. ಹಾಲು ಸುರಿಯುತ್ತ ಅವರು ಅತ್ತೇಬಿಟ್ಟರು, ಅವಳೂ ಅತ್ತಳು, ಕೋಟಿನ ತೋಳೆಲ್ಲ ಒದ್ದೆ. ನಾನು ಅವರಿಂದ ಕಸಿದದ್ದು ಏನೆಂದು ನನಗೆ ಆಗ ತಿಳಿಯಿತು. ಗಂಡಿನ ರೋಸ್ ಮಾಡುವುದು ಗಂಡಿನ ಮನೆಯವರು ಎಂದು ಅತ್ತೆ ಆಗಲೇ ಹೇಳಿದ್ದರಿಂದ, ನಾನು ತುರಿಮಣೆ ತೊಳೆಯಲು ಎದ್ದೆ.

"ಎಲ್ಲಿಗೆ? ಬಾ ಇಲ್ಲಿ," ಎಂದರು ಮಾವನವರು. ಪಾತ್ರೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. "ನಿನಗೆ ಒಳಗೆ ಆಗಿದೆ ಮಾರಾಯ. ಹೊರಗೆ ಬಾಕಿ ಉಂಟು."

ನಾನು ಕನ್ನಡಕ ತೆಗೆದಿಟ್ಟು ಅವರ ಮುಂದೆ ಕೂತೆ.