ಪೆಟ್ಟಿಗೆ ಕಾರಿನ ಭಾನುವಾರ

ಮಾನ್ಯಾ, ಚಿನ್ಮಯಾ,

ಹೋದ ವಾರ ನೀವಿಬ್ಬರೂ ನಾಗರಬಾವಿಯ ವರ್ತುಲ ರಸ್ತೆಯ ಪಕ್ಕ ಮಧ್ಯಾಹ್ನವೆಲ್ಲ ನಿಂತು, ಹಳೆಯ ಕಾರುಗಳ ಮೆರವಣಿಗೆಯ ಫೋಟೊ ಹಿಡಿದುಕೊಂಡು ಬಂದಿರಿ. ‘ಅಜ್ಜಿ, ಈ ಕಾರಿಗೆ ಡಿಕ್ಕಿ ಒಳಗೇ ಸೀಟಿದೆ ನೋಡಿ, ಎಷ್ಟು ಚೆನ್ನಾಗಿದೆ ಅಲ್ವಾ?’ ಎಂದು ಮಾನ್ಯಾ, ನೀನು ಫೋನನ್ನು ನನ್ನ ಕಣ್ಣಿನ ಹತ್ತಿರ ತಂದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನಾನು ಎದ್ದುಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಎದುರು ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲವೆಂದು ನಿಮಗೆ ಗೊತ್ತು. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದನ್ನೇ ನಂಬಿಕೊಂಡು ಬರೆಯುತ್ತಿದ್ದೇನೆ.

ಮೈಸೂರು ರಸ್ತೆಯ ಎರಡೂ ಕಡೆ ಆಲದ ಮರಗಳಿದ್ದ ಕಾಲ ಅದು. ಕೆಂಗೇರಿ ದಾಟಿ ಎರಡು ಮೈಲಿಗೆ ನಮ್ಮ ಹಳ್ಳಿ. ಒಂದು ಮೋಟಾರು ಹೋಗಿ ಇನ್ನೊಂದು ಬರುವಷ್ಟರಲ್ಲಿ ದೊಡ್ಡದೊಂದು ಸೀಬೆಹಣ್ಣು ತಿಂದು ಮುಗಿಸಬಹುದಿತ್ತು. ಅವ್ವ ರಸ್ತೆ ಬದಿಯಲ್ಲಿ ಕುಕ್ಕೆ ಇಟ್ಟುಕೊಂಡು ಸೀಬೆಹಣ್ಣು ಮಾರುತ್ತಿದ್ದಳು. ಹಣ್ಣನ್ನು ನಾಲ್ಕಾಗಿ ಸೀಳಿ ಉಪ್ಪುಖಾರ ಸವರಿ ಕೊಟ್ಟರೆ ಕಾರಿನವರು ಬಾಯಿ ಚಪ್ಪರಿಸುತ್ತ ಇನ್ನೊಂದು ಕೇಳುತ್ತಿದ್ದರು. ನನಗಾಗ ಒಂಬತ್ತು ವರ್ಷ, ತಂಗಿ ಗಿರಿಜಳಿಗೆ ನಾಲ್ಕು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗುವುದೇ ನನ್ನ ಕೆಲಸ. ಪಕ್ಕದ ಮನೆಯ ಕೆಂಪಿ ನನಗಿಂತ ಒಂದು ವರ್ಷ ದೊಡ್ಡವಳು. ಅವಳ ಬಾಯಿಗೆ ಬೀಗವಿಲ್ಲ, ನನ್ನ ಬಾಯಿಗೆ ಕೀಲಿಕೈಯಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ನಮ್ಮ ಆಟವೆಲ್ಲ ಕಾರುಗಳದ್ದೇ. ಆಲದ ಬೇರಿನ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಸದ್ದು ಕೇಳಿ ಯಾವ ಕಾರೆಂದು ಹೇಳಬೇಕು. ಮೊದಲು ಸರಿಯಾಗಿ ಹೇಳಿದವಳಿಗೆ ಆ ಕಾರು ಸೇರುತ್ತಿತ್ತು. ಎಲ್ಲರ ಹತ್ತಿರವೂ ಇದ್ದ ಗುಂಡು ಬೆನ್ನಿನ ಕರಿ ಕಾರು ಆಟಕ್ಕಿಲ್ಲ. ಅಪರೂಪದ್ದೇ ಬೇಕು. ಕಂಪನಿಯ ಹೆಸರು ನಮಗೇನು ಗೊತ್ತು, ನಾವೇ ಹೆಸರಿಟ್ಟೆವು. ಮುಂದಿನ ಮುಖವೇ ಬಾಗಿಲಾಗಿ ತೆರೆದುಕೊಳ್ಳುವ ಪುಟ್ಟದು ಮೊಟ್ಟೆ ಕಾರು. ಕೆನ್ನೆಗಳ ಮೇಲೆ ದೊಡ್ಡ ದೀಪಗಳಿದ್ದದ್ದು ಗೂಬೆ ಕಾರು. ಹಿಂದೆ ಎರಡು ರೆಕ್ಕೆ ಎದ್ದಿದ್ದ ಉದ್ದನೆಯ ಹಸಿರು ಕಾರು ರೆಕ್ಕೆ ಕಾರು. ಅದನ್ನು ಒಂದೇ ಸಲ ನೋಡಿದ್ದೆವು. ಅವತ್ತು ಕೆಂಪಿ ನನಗಿಂತ ಮುಂಚೆ ಕೂಗಿಬಿಟ್ಟಿದ್ದಳು. ಅದು ಇನ್ನೊಂದು ಸಲ ಬರಲಿ ಎಂದು ನಾನು ಮಾರಮ್ಮನಿಗೆ ಹರಕೆ ಹೊತ್ತಿದ್ದೆ.

ನನಗೆ ಸೇರಿದ್ದು ಪೆಟ್ಟಿಗೆ ಕಾರು. ಬೆಣ್ಣೆ ಬಣ್ಣದ ಮೈ, ಕೆಂಪು ಮಡ್‌ಗಾರ್ಡು, ತಲೆಯ ಮೇಲೆ ಮಡಚುವ ಕ್ಯಾನ್ವಾಸು. ಇಬ್ಬರೇ ಕೂರಬಹುದಾದ ಕಾರು. ಹಿಂಬದಿಯಲ್ಲಿ ಪೆಟ್ಟಿಗೆಯಂತೆ ಒಂದು ಮುಚ್ಚಳ. ಅದರ ಹಿಡಿ ತಿರುಗಿಸಿ ಎಳೆದರೆ ಮುಚ್ಚಳ ಹಿಂದಕ್ಕೆ ಬಾಗಿ ಬೆನ್ನಾಗುತ್ತಿತ್ತು, ಒಳಗಿನಿಂದ ಕೆಂಪು ಚರ್ಮದ ಸೀಟು ಹೊರಬರುತ್ತಿತ್ತು. ಅದರ ಯಜಮಾನರು ಬಿಳಿ ಮೀಸೆಯ, ಟೋಪಿಯ ಒಬ್ಬ ಹಿರಿಯರು. ಪ್ರತಿ ಭಾನುವಾರ ಬೆಂಗಳೂರಿನಿಂದ ಬಿಡದಿ ಕಡೆಯ ತಮ್ಮ ತೋಟಕ್ಕೆ ಹೋಗುವಾಗ ನಮ್ಮಲ್ಲಿ ನಿಲ್ಲಿಸುತ್ತಿದ್ದರು. ಕಾರಿಗೆ ನೀರು, ತಮಗೆ ಸೀಬೆಹಣ್ಣು. ಒಮ್ಮೆ ‘ನೋಡ್ತೀರೇನ್ರಮ್ಮಾ?’ ಎಂದು ಅವರೇ ಮುಚ್ಚಳ ತೆಗೆದು ತೋರಿಸಿದ್ದರು. ಬಿಸಿ ಚರ್ಮ ಮತ್ತು ಪೆಟ್ರೋಲು ಬೆರೆತ ಆ ವಾಸನೆ ನನಗೆ ದೇವಸ್ಥಾನದ ವಾಸನೆಗಿಂತ ಹೆಚ್ಚಾಗಿತ್ತು. ಹೋಗುವಾಗಲೆಲ್ಲ ಅವರು ನನ್ನನ್ನು ಕೇಳುತ್ತಿದ್ದರು, ‘ಏನಮ್ಮ ಪುಟ್ಟಿ, ಇವತ್ತಾದ್ರೂ ನಿನ್ನ ಹೆಸರು ಹೇಳ್ತೀಯಾ?’ ನಾನು ತಲೆ ತಗ್ಗಿಸಿ ಕಾಲ್ಬೆರಳಲ್ಲಿ ನೆಲ ಕೆರೆಯುತ್ತಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಕೆಂಪಿ ನೆಂಟರ ಮನೆಗೆ ಹೊರಟು ನಿಂತಿದ್ದಳು.

‘ನಾನು ಮೊಟ್ಟೆ ಕಾರಲ್ಲಿ ಕೂತಿದ್ದೆ ಕಣೇ, ಗೊತ್ತಾ?’ ಎಂದಳು.

‘ಸುಳ್ಳಿ.’

‘ನಿಂಗೇನ್ ಗೊತ್ತು. ನಿಂಗೆ ಬರೀ ನೋಡಕಷ್ಟೇ ಧೈರ್ಯ. ಮುಟ್ಟು ಅಂದ್ರೆ ಉಚ್ಚೆ ಹುಯ್ಕತೀಯ.’

ಆ ಮಾತು ನನ್ನ ಮೈಯೊಳಗೆ ಕೂತುಬಿಟ್ಟಿತು. ಮರುದಿನ ಭಾನುವಾರ ಪೆಟ್ಟಿಗೆ ಕಾರು ಬಂತು. ಅವ್ವ ಬಿಂದಿಗೆ ಹಿಡಿದು ಬಾವಿಗೆ ಹೋದಳು. ಯಜಮಾನರೂ ಡಬ್ಬ ತೆಗೆದುಕೊಂಡು ಅವಳ ಹಿಂದೆ ನಡೆದರು. ಕಾರಿನ ಹತ್ತಿರ ನಾನು, ಗಿರಿಜ, ಇಬ್ಬರೇ. ಹಿಡಿ ತಿರುಗಿಸಿದೆ. ಮುಚ್ಚಳ ಬಂತು. ಗಿರಿಜಳನ್ನು ಎತ್ತಿ ಒಳಗೆ ಇಳಿಸಿದೆ. ಅವಳು ಕೆಂಪು ಸೀಟನ್ನು ಅಂಗೈಯಲ್ಲಿ ಬಡಿದು ನಕ್ಕಳು. ನಾನು ಒಂದು ಕಾಲು ಎತ್ತಿ ಇಟ್ಟಿದ್ದೆ, ಅಷ್ಟರಲ್ಲಿ ಬಾವಿ ಕಡೆಯಿಂದ ಮಾತು ಕೇಳಿಸಿತು. ಅವರು ವಾಪಸು ಬರುತ್ತಿದ್ದರು.

‘ಬಗ್ಗಿಕೋ. ಸದ್ದು ಮಾಡ್ಬೇಡ’ ಎಂದು ಗಿರಿಜಳ ತಲೆಯನ್ನು ಕೆಳಗೆ ಒತ್ತಿ ಮುಚ್ಚಳ ಹಾಕಿದೆ. ಹಿಡಿ ತಾನಾಗಿ ಕಚ್ಚಿಕೊಂಡಿತು.

ಯಜಮಾನರು ಯಾವಾಗಲೂ ನೀರು ಹಾಕಿದ ಮೇಲೆ ಮರದ ನೆರಳಲ್ಲಿ ಅರ್ಧ ಗಂಟೆ ಕೂತು ಹಣ್ಣು ತಿನ್ನುತ್ತಿದ್ದರು. ಅಷ್ಟರಲ್ಲಿ ಅವಳನ್ನು ಇಳಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಅವತ್ತು ಅವರು ಕೂರಲಿಲ್ಲ. ‘ಹೊತ್ತಾಯ್ತಮ್ಮ, ಬಿಡದೀಲಿ ಸಂತೆಮಾಳದ ಹತ್ರ ಕಾಯ್ತಿದಾರೆ’ ಎಂದು ಹಣ್ಣನ್ನು ಕೈಯಲ್ಲೇ ಹಿಡಿದು ಹತ್ತಿದರು. ಹತ್ತಿ, ನನ್ನ ಕಡೆ ತಿರುಗಿದರು.

‘ಏನಮ್ಮ ಪುಟ್ಟಿ, ಇವತ್ತಾದ್ರೂ ಹೇಳ್ತೀಯಾ?’

ಮಕ್ಕಳೇ, ಅವರು ಕಾದರು. ನಿಜವಾಗಿ ಕಾದರು. ನನ್ನ ಗಂಟಲಿನಲ್ಲಿ ‘ತಂಗಿ’ ಎಂಬ ಮಾತು ಬಂದು ನಿಂತಿತ್ತು. ಒಳಗಿನಿಂದ ಗಿರಿಜಳ ಸದ್ದಿಲ್ಲ. ಅಕ್ಕ ಹೇಳಿದ ಮಾತನ್ನು ಆ ಕೂಸು ಪಾಲಿಸುತ್ತಿತ್ತು. ನಾನು ತಲೆ ತಗ್ಗಿಸಿದೆ. ಅವರು ನಕ್ಕು ಕಾರು ಹೊರಡಿಸಿದರು.

ಕಾರು ಹೊರಟ ಮೇಲೆ ನನಗೆ ಕಾಲು ಬಂತು, ಬಾಯಿ ಬರಲಿಲ್ಲ. ಸದ್ದಿಲ್ಲದೆ ಓಡಿದೆ. ಟಾರು ಅಂಗಾಲನ್ನು ಸುಡುತ್ತಿತ್ತು. ಹಿಂದಿನಿಂದ ಅವ್ವ ಕೂಗಿದಳು, ‘ಎಲ್ಲಿಗೋಡ್ತೀಯೇ? ಗಿರಿಜ ಎಲ್ಲೇ?’

‘ಮನೇಲವ್ಳೆ’ ಎಂದೆ. ಆ ಒಂದು ಸುಳ್ಳು ಮಾತ್ರ ಸಲೀಸಾಗಿ ಬಂತು.

ತಿರುವಿನಲ್ಲಿ ಕಾರು ಕಣ್ಮರೆಯಾಯಿತು. ಆ ಮುಚ್ಚಳದ ತಗಡು ಬಿಸಿಲಿಗೆ ಎಷ್ಟು ಕಾಯುತ್ತದೆಂದು ನನಗೆ ಗೊತ್ತಿತ್ತು, ಕೈಯಿಟ್ಟು ನೋಡಿದ್ದೆ. ರಸ್ತೆಯ ನಡುವೆ ನಿಂತೆ. ಮುಂದೆ ಬಂದ ಮೊದಲ ಸದ್ದು ಯಾವುದೆಂದು ಕಣ್ಣು ಮುಚ್ಚದೆಯೂ ತಿಳಿಯಿತು. ರೆಕ್ಕೆ ಕಾರು! ಮಾರಮ್ಮ ಅವತ್ತೇ ಅದನ್ನು ಕಳಿಸಿದ್ದಳು. ವೀಳ್ಯದೆಲೆ ಬಣ್ಣ, ಬಿಸಿಲಿಗೆ ಮಿಂಚುವ ರೆಕ್ಕೆಗಳು. ನಾನು ಎರಡೂ ಕೈ ಎತ್ತಿ ಅಳುತ್ತ ಅಡ್ಡ ಹೋದೆ. ಅದು ಹಾರ್ನು ಹೊಡೆದು, ನನ್ನನ್ನು ಬಳಸಿಕೊಂಡು ಹೋಯಿತು. ಒಳಗಿದ್ದ ಹೆಂಗಸೊಬ್ಬಳು ನನಗೊಂದು ನಾಣ್ಯ ಎಸೆದಳು. ಆಮೇಲೆ ಒಂದು ಕರಿ ಕಾರು, ಒಂದು ಜೀಪು. ಯಾವುದೂ ನಿಲ್ಲಲಿಲ್ಲ.

ಕೊನೆಗೆ ನಿಂತದ್ದು ಮೈಸೂರಿನ ಬಸ್ಸು. ನಾನು ಚಕ್ರದ ಮುಂದೆ ಕೂತುಬಿಟ್ಟಿದ್ದೆ. ಕಂಡಕ್ಟರ್ ಇಳಿದು ಬಂದ.

‘ಯಾಕಮ್ಮೀ, ಸಾಯಕ್ ಬಂದಿದೀಯಾ?’

‘ತಂಗಿ... ಕಾರಲ್ಲಿ... ಹೊಂಟೋದ್ಲು.’

‘ಯಾರ ಕಾರಲ್ಲಿ?’

ಅಷ್ಟು ಹೇಳಿದ್ದೇ ನನ್ನ ಶಕ್ತಿಯೆಲ್ಲ ಮುಗಿದಿತ್ತು. ಅಳುತ್ತ ಬಿಡದಿ ಕಡೆ ಕೈ ತೋರಿಸಿದೆ. ಆ ವರ್ಷ ಹೊಳೆಗೆ ಹೊಸ ಸೇತುವೆ ಕಟ್ಟುತ್ತಿದ್ದರು. ಕಂಬ ನಿಲ್ಲಬೇಕಾದರೆ ಮಗುವನ್ನು ಬಲಿ ಕೊಡುತ್ತಾರೆ, ಕಾರಿನವರು ಹಳ್ಳಿಗಳಲ್ಲಿ ಮಕ್ಕಳನ್ನು ಹಿಡಿಯುತ್ತಿದ್ದಾರೆ ಎಂದು ಪುಕಾರು ಹಬ್ಬಿತ್ತು. ಬಸ್ಸಿನೊಳಗಿನಿಂದ ಒಬ್ಬ ಕೂಗಿದ, ‘ಮಕ್ಕಳ ಕಳ್ಳ ಕಣ್ರಪ್ಪೋ! ಸೇತುವೆಗೆ ಹಿಡ್ಕಂಡ್ ಹೋಗವ್ನೆ!’

ಕಂಡಕ್ಟರ್ ನನ್ನನ್ನು ಎತ್ತಿ ಬಸ್ಸಿಗೆ ಹತ್ತಿಸಿದ. ಅಲ್ಲ ಎನ್ನಬೇಕಿತ್ತು. ಅಲ್ಲವೆಂದರೆ ಮುಚ್ಚಳ ಹಾಕಿದ್ದು ಯಾರೆಂದು ಹೇಳಬೇಕು. ಇವರು ನನ್ನನ್ನು ಇಳಿಸಿ ಹೋಗಿಬಿಟ್ಟರೆ? ಒಂಬತ್ತು ವರ್ಷದ ತಲೆ ಹಾಗೆ ಲೆಕ್ಕ ಹಾಕಿತು. ಕಾರಿನ ಗುರುತು ಕೇಳಿದಾಗ ಮಾತ್ರ ಹೇಳಿದೆ. ಬೆಣ್ಣೆ ಬಣ್ಣ, ಕೆಂಪು ಮಡ್‌ಗಾರ್ಡು, ಕ್ಯಾನ್ವಾಸಿನ ಮಾಡು, ಬಿಡದಿಯ ಸಂತೆಮಾಳ. ಡ್ರೈವರ್ ದಾರಿಯಲ್ಲಿ ಕೈ ತೋರಿದವರಿಗೂ ನಿಲ್ಲಿಸದೆ ಬಸ್ಸು ಓಡಿಸಿದ. ಒಬ್ಬ ಮುದುಕಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಅಳಬ್ಯಾಡ ಕಣವ್ವ, ನಿನ್ ತಪ್ಪೇನೈತೆ ಇದ್ರಲ್ಲಿ’ ಎಂದು ಬೆನ್ನು ಸವರುತ್ತಲೇ ಇದ್ದಳು. ಅವಳ ಕೈ ನನ್ನನ್ನು ತಗಡಿಗಿಂತ ಹೆಚ್ಚು ಸುಟ್ಟಿತು.

ಸಂತೆಮಾಳದ ಪಕ್ಕ ಹುಣಸೆಮರದ ಕೆಳಗೆ ಕಾರು ನಿಂತಿತ್ತು. ಯಜಮಾನರು ಇಬ್ಬರು ಆಳುಗಳೊಡನೆ ಮಾತಾಡುತ್ತ ನಿಂತಿದ್ದರು. ಬಸ್ಸಿನಿಂದ ಹತ್ತು ಹನ್ನೆರಡು ಗಂಡಸರು ಧುಮುಕಿದರು. ‘ಮಗು ಎಲ್ಲೋ?’ ಎಂದವನೇ ಒಬ್ಬ ಅವರ ಕೆನ್ನೆಗೆ ಬಾರಿಸಿದ. ಟೋಪಿ ಬಿತ್ತು. ಕನ್ನಡಕ ಒಡೆಯಿತು. ‘ಯಾವ ಮಗು? ಯಾವ ಮಗುನಪ್ಪ?’ ಎಂದು ಅವರು ಕೇಳುತ್ತಲೇ ಇದ್ದರು, ಪ್ರತಿ ಸಲ ಕೇಳಿದಾಗಲೂ ಒಂದೊಂದು ಏಟು ಬೀಳುತ್ತಿತ್ತು.

ನಾನು ಕಾರಿನ ಹಿಂದಕ್ಕೆ ಓಡಿ, ಹಿಡಿ ತಿರುಗಿಸಿ, ಎಳೆದೆ.

ಗಿರಿಜ ಸೀಟಿನ ಕೆಳಗಿನ ತಗ್ಗಿನಲ್ಲಿ, ಒದ್ದೆ ಬಟ್ಟೆಯ ಗಂಟಿನಂತೆ ಬಿದ್ದಿದ್ದಳು. ತುಟಿ ಬಿಳಚಿಕೊಂಡಿತ್ತು. ಕೆರೆದು ಕೆರೆದು ಬೆರಳ ತುದಿಯಲ್ಲಿ ರಕ್ತ ಬಂದಿತ್ತು. ಎತ್ತಿದರೆ ಕತ್ತು ನಿಲ್ಲಲಿಲ್ಲ. ಹೊಡೆಯುತ್ತಿದ್ದ ಕೈಗಳು ನಿಂತವು. ಹೊಡೆಸಿಕೊಂಡಿದ್ದ ಯಜಮಾನರೇ ಜನರನ್ನು ತಳ್ಳಿಕೊಂಡು ಬಂದು, ಅವಳನ್ನು ನೆರಳಲ್ಲಿ ಮಲಗಿಸಿ, ತಮ್ಮ ಕರವಸ್ತ್ರ ನೆನೆಸಿ ಎದೆಗೆ, ಹಣೆಗೆ ಒತ್ತಿದರು. ಅವರ ತುಟಿಯ ರಕ್ತ ಅವಳ ಲಂಗದ ಮೇಲೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಗಿರಿಜ ಕೆಮ್ಮಿದಳು. ಕಣ್ಣು ಬಿಟ್ಟು ನನ್ನನ್ನು ನೋಡಿ, ‘ಸದ್ದು ಮಾಡ್ಲಿಲ್ಲ ಅಕ್ಕ’ ಎಂದಳು. ಅಷ್ಟು ಮೆಲ್ಲಗೆ ಹೇಳಿದ್ದು ನನ್ನೊಬ್ಬಳಿಗೇ ಕೇಳಿಸಿತು ಎಂದುಕೊಂಡೆ. ಅವಳ ಎದೆಯ ಮೇಲೆ ಬಾಗಿದ್ದ ಯಜಮಾನರಿಗೂ ಕೇಳಿಸಿತ್ತು.

‘ಮಗು ತಾನೇ ಹತ್ತಿರ್ಬೇಕು ಬಿಡ್ರೋ’ ಎಂದಳು ಮುದುಕಿ.

‘ಹತ್ತಿದ್ರೆ ಹತ್ಲಿ’ ಎಂದ ಕಂಡಕ್ಟರ್, ‘ಈ ಮುಚ್ಚಳ ಹೊರಗಿಂದ ತಾನೇ ಹಾಕದು? ಹಂಗಾರೆ ಹಾಕ್ದೋರ್ಯಾರು?’

ಎಲ್ಲರೂ ಯಜಮಾನರನ್ನು ನೋಡಿದರು. ಅವರು ನನ್ನನ್ನು ನೋಡಿದರು. ಯಾರಿಗೂ ತಿಳಿಯದ ಆ ಹಿಡಿಯನ್ನು ನಾನು ತಡವರಿಸದೆ ತಿರುಗಿಸಿದ್ದನ್ನು ಅವರು ಕಂಡಿದ್ದರು. ನಾನು ನನ್ನ ಕಾಲ್ಬೆರಳುಗಳನ್ನು ನೋಡಿದೆ.

‘ನಾನೇ’ ಎಂದರು ಅವರು. ‘ಹೊರಡೋ ಆತುರ. ಒಳಗೆ ನೋಡದೆ ಮುಚ್ಚಿದೆ.’

ಅದಕ್ಕೂ ಒಂದು ಏಟು ಬಿತ್ತು.

ಆಮೇಲೆ ಪೆಟ್ಟಿಗೆ ಕಾರು ನಮ್ಮ ರಸ್ತೆಗೆ ಬರಲಿಲ್ಲ. ಮಕ್ಕಳ ಕಳ್ಳನಾದ್ದರಿಂದಲೇ ತಲೆ ಮರೆಸಿಕೊಂಡ ಎಂದು ಊರು ಆಡಿಕೊಂಡಿತು. ಅವ್ವ ಅವರಿಗೆ ನೀರು ಸೇದಿಕೊಟ್ಟ ಕೈಗೆ ತಾನೇ ಶಾಪ ಹಾಕಿಕೊಂಡಳು. ಕೆಂಪಿ ಆಟಕ್ಕೆ ಕರೆದರೆ ನಾನು ರಸ್ತೆಗೆ ಬೆನ್ನು ಹಾಕಿ ಕೂರುತ್ತಿದ್ದೆ. ಸದ್ದು ಮಾತ್ರ ಕಿವಿಗೆ ಬೀಳುತ್ತಿತ್ತು, ಬೇಡವೆಂದರೂ ಯಾವ ಕಾರೆಂದು ತಿಳಿದುಬಿಡುತ್ತಿತ್ತು.

ನಿಮ್ಮ ಗಿರಿಜಜ್ಜಿ ನಿಮಗೂ ಈ ಕಥೆ ಹೇಳಿದ್ದಾಳೆ. ಮಕ್ಕಳ ಕಳ್ಳ, ಸೇತುವೆ, ಬಸ್ಸು ನಿಲ್ಲಿಸಿ ತಂಗಿಯನ್ನು ಬದುಕಿಸಿದ ಅಕ್ಕ. ಆ ದಿನದ್ದೆಂದು ಅವಳಿಗೆ ಕತ್ತಲೆಯೊಂದೇ ನೆನಪಿತ್ತು, ಉಳಿದದ್ದೆಲ್ಲ ಊರು ಹೇಳಿಕೊಟ್ಟದ್ದು. ಪ್ರತಿ ಮದುವೆಮನೆಯಲ್ಲೂ ಹೇಳಿ, ‘ನಮ್ಮಕ್ಕ ಮಾತಾಡೋದು ಕಮ್ಮಿ, ಆದ್ರೆ ಅವತ್ತು ನನ್ನ ಉಳಿಸಿದ್ದು ಅವಳ ಬಾಯೇ’ ಎಂದು ನನ್ನ ಗಲ್ಲ ಹಿಡಿಯುತ್ತಿದ್ದಳು. ಜೀವಮಾನವಿಡೀ ಅವಳು ಒಂದು ಬಾಗಿಲನ್ನೂ ಪೂರ್ತಿ ಮುಚ್ಚಲಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲ ಸಂದಿಗೆ ಬಕೆಟ್ಟು ಇಡುತ್ತಿದ್ದಳು. ಹೋದ ವರ್ಷ ಆಸ್ಪತ್ರೆಯಲ್ಲಿ ಅವಳನ್ನು ಸ್ಕ್ಯಾನಿನ ಕೊಳವೆಯೊಳಗೆ ತಳ್ಳುವ ಮುಂಚೆ ನನ್ನ ಕೈ ಹಿಡಿದು, ‘ಮುಚ್ಬೇಡಿ ಅಂತ ಹೇಳೇ ಅಕ್ಕ, ನೀನು ಹೇಳಿದ್ರೆ ಕೇಳ್ತಾರೆ’ ಎಂದಳು. ನಾನು ಹೇಳಿದೆ, ಅದನ್ನು ಮಾತ್ರ. ಇನ್ನೊಂದನ್ನು ನಾಳೆ ಹೇಳೋಣ ಎಂದುಕೊಂಡೆ. ಅರವತ್ತು ವರ್ಷ ನನಗೆ ಹಾಗೇ ನಾಳೆಗಳಿದ್ದವು. ತಿಂಗಳೊಳಗೆ ಅವಳು ಹೋದಳು. ನಿಮ್ಮ ತಾತ ಅಷ್ಟು ವರ್ಷ ಪಕ್ಕದಲ್ಲಿದ್ದರು, ಅವರಿಗೂ ಹೇಳಲಿಲ್ಲ.

ಆಲದ ಮರಗಳು ಹೋದವು, ಹೊಳೆಯ ನೀರು ಕಪ್ಪಾಯಿತು, ನಮ್ಮ ಬಾವಿ ಇದ್ದ ಕಡೆ ಈಗ ಮೆಟ್ರೊ ಕಂಬವಿದೆ. ಅದಕ್ಕೆಲ್ಲ ನನ್ನ ಜೊತೆ ಅಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಕ್ಷಮಿಸಲೋ ಬೈಯಲೋ ಹಕ್ಕಿದ್ದವರು ಇಬ್ಬರೇ ಇದ್ದರು. ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಇನ್ನೊಬ್ಬಳು ನನ್ನನ್ನು ಕೊಂಡಾಡುತ್ತಲೇ ಕಣ್ಣು ಮುಚ್ಚಿದಳು.

ಮುಚ್ಚಳ ಹಾಕಿದ್ದು ನಾನು. ಆ ಹಿರಿಯರು ಕಳ್ಳರಲ್ಲ, ಅಜಾಗರೂಕರೂ ಅಲ್ಲ.

ಗಿರಿಜಜ್ಜಿಯ ಮಗಳು ಇವತ್ತಿಗೂ ತನ್ನ ಮಗನಿಗೆ ಕಳ್ಳನ ಕಥೆಯನ್ನೇ ಹೇಳುತ್ತಾಳೆ. ಅವಳಿಗೆ ಇದನ್ನು ತೋರಿಸಬೇಕೋ ಬೇಡವೋ, ನೀವು ದೊಡ್ಡವರಾದ ಮೇಲೆ ನೀವೇ ಯೋಚಿಸಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ. ನಾನು ಎಷ್ಟು ಕೇಳಿದರೂ ನನ್ನ ಕೈಗೆ ಮಾತ್ರ ಕೊಡಬೇಡಿ. ಹರಿದುಹಾಕಿಬಿಟ್ಟೇನು.