ಕೊನೆಯ ಎಂಟು ನಿಮಿಷ

ಲೋಕನಾಥ ಮಾಸ್ತರರು ಸ್ವರ್ಣಲತಾಬಾಯಿಯವರನ್ನು ಮೊದಲು ಕಂಡದ್ದು, ಲೆಕ್ಕ ಬರೆದುಕೊಡಲು ಹೋಗಿದ್ದ ಖಡಕಿಯ ಕನ್ನಡ ಮಹಿಳಾ ಮಂಡಳಿಯ ಹಾಲ್‌ನಲ್ಲಿ. ಬಾಯಿಯವರು ಟಿ.ವಿ.ಯ ಪಕ್ಕದಲ್ಲಿ ನಿಂತು, ಪರದೆಯ ಮೇಲೆ ಕತ್ತಿ ಹಿಡಿದ ಜಪಾನಿ ನೇಕಾರ ಹೆಣ್ಣಿನ ಮಾತನ್ನು ಧಾರವಾಡದ ಕನ್ನಡದಲ್ಲಿ ಆಡುತ್ತಿದ್ದರು.

"ಏ ಭಾಡ್ಯಾ, ನಮ್ಮಪ್ಪನ್ನ ಕೊಂದಾಂವ ನೀನ ಹೌದಿಲ್ಲೋ?"

"ಬಿಡಬ್ಯಾಡ ಅವನ್ನ!" ಎಂದು ಮುಂದಿನ ಸಾಲಿನಿಂದ ಯಂಕವ್ವ ಕೂಗಿದಳು.

ಭೋಸರಿಯ ಕಾರ್ಖಾನೆಯೊಂದರಲ್ಲಿ ಜಪಾನಿ ಯಂತ್ರಗಳ ಕಾಗದಪತ್ರ ಅನುವಾದಿಸುವುದು ಬಾಯಿಯವರ ನೌಕರಿಯಾಗಿತ್ತು. ತಮ್ಮ ದೇಶಕ್ಕೆ ಮರಳಿದ ಜಪಾನಿ ಎಂಜಿನಿಯರೊಬ್ಬರು ಹಳೆಯ ಸಿನಿಮಾಗಳ ಡಿಸ್ಕುಗಳನ್ನು ಬಿಟ್ಟುಹೋಗಿದ್ದರು. ಎಲ್ಲದರಲ್ಲೂ ಸೇಡಿಗೆ ಹೊರಟ ಹೆಣ್ಣೇ ನಾಯಕಿ. ನಿವೃತ್ತಿಯ ನಂತರ ಪ್ರತಿ ಬುಧವಾರ ಒಂದೊಂದನ್ನು ಹಾಕಿ ಮಾತು ಹೇಳುತ್ತಿದ್ದರು.

ಅಂದು ಶತ್ರು ಬಿದ್ದೊಡನೆ ಟಿ.ವಿ. ಆರಿಸಿದರು.

"ಮುಂದೇನಾತ್ರಿ, ಬಾಯಾರ?" ಮಾಸ್ತರರು ಕೇಳಿದರು.

"ಸೇಡು ತೀರ್ತಲ್ರಿ, ಮಾಸ್ತರ. ಐದೂವರಿಗೆ ನಳಕ್ಕ ನೀರ ಬರ್ತಾವ. ಇನ್ನ ಯಾರೂ ಕೂಡೂದಿಲ್ಲ."

ಉಳಿದದ್ದು ಎಂಟೇ ನಿಮಿಷ. ಗೆದ್ದವಳು ಮನೆಗೆ ಮರಳಿ, ಮಾತನಾಡಿಸಲು ಯಾರೂ ಇಲ್ಲದೆ ಖಾಲಿ ಮಗ್ಗದ ಮುಂದೆ ಕೂರುತ್ತಾಳೆ. ಹೆಂಗಸರು ನಗುತ್ತಾ ಮನೆಗೆ ಹೋಗಲಿ, ಅಷ್ಟು ಬಿಟ್ಟರೆ ಏನಾದೀತು ಎಂದು ಬಾಯಿಯವರು ಭಾವಿಸಿದ್ದರು.

ಆ ಹೆಂಗಸರಲ್ಲಿ ಇಂದೂ ಎಂಬಾಕೆ ಒಂದು ಬುಧವಾರವೂ ತಪ್ಪಿಸಿದವಳಲ್ಲ. ತಾಯಿ ತೀರಿಕೊಂಡಾಗ ಭೋರ್ ಊರಿನಲ್ಲಿದ್ದ ಅಕ್ಕ ನೀಲಿಮಾ ಇವಳು ಬರುವ ತನಕ ಕಾಯದೆ ದಹನ ಮುಗಿಸಿದ್ದಳು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ನಿಂತಿತ್ತು.

ಒಂದು ದಿನ ಸಿನಿಮಾ ಆರಿದೊಡನೆ ಇಂದೂ ಎದ್ದು ನಿಂತಳು. "ನಾನೂ ಸೇಡು ತೀರಿಸ್ಕೊಂಡೇನ್ರಿ, ಬಾಯಾರ. ಆರಾಮಿಲ್ಲ, ಒಮ್ಮೆ ಬಂದು ಹೋಗು ಅಂತ ಅಕ್ಕ ಫೋನ್ ಮಾಡಿದ್ಲು. ಅವ್ವನ ಮುಖ ತೋರಿಸದಾಕಿಗೆ ನನ್ನ ಮುಖಾನೂ ತೋರ್ಸೂದಿಲ್ಲ ಅಂದೆ!"

ಹೆಂಗಸರು ಚಪ್ಪಾಳೆ ತಟ್ಟಿದರು. ಆ ನೇಕಾರ ಹೆಣ್ಣಿನ ಕೊನೆಯ ಎಂಟು ನಿಮಿಷದ ಸಂಗತಿ ಸ್ವರ್ಣಲತಾಬಾಯಿಯವರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, "ನಳ ಬಂದಾವ, ನಡೀರಿ!" ಎಂದು ಯಂಕವ್ವ ಎದ್ದಳು, ಹಾಲ್ ಬರಿದಾಯಿತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡರು.

ಆ ಶನಿವಾರ ನೀಲಿಮಾ ತೀರಿಕೊಂಡಳು.

ಹತ್ತು ದಿನ ಕಳೆದು ಇಂದೂ ಒಬ್ಬಳೇ ಬಂದಳು. "ಬಾಯಾರ, ಆ ನೇಕಾರಾಕಿ ಆಮ್ಯಾಲೆ ಏನ್ ಮಾಡ್ತಾಳ್ರಿ?"

ಬಾಯಿಯವರು ಉಳಿದ ಭಾಗ ಹಾಕಿದರು. ಅದರಲ್ಲಿ ಒಂದೂ ಮಾತಿರಲಿಲ್ಲ.

"ಇದನ್ನ ಮೊದಲ ತೋರಿಸಬೇಕಿತ್ರಿ," ಎಂದು ಇಂದೂ ಸೆರಗು ಹೊದ್ದು ಹೊರಟುಹೋದಳು. ಆಮೇಲೆ ಹಾಲ್‌ಗೆ ಬರಲಿಲ್ಲ.

ಈಗ ಸಿನಿಮಾ ಅರ್ಧ ಗಂಟೆ ಮೊದಲೇ ಶುರುವಾಗುತ್ತದೆ. "ಊಟದ ಕೈ ಒಣಗೂದಕ್ಕೂ ಬಿಡೂದಿಲ್ಲಲ್ರಿ," ಎಂದು ಯಂಕವ್ವ ಗೊಣಗುತ್ತಲೇ ಕೊನೆಯವರೆಗೂ ಕೂರುತ್ತಾಳೆ. ಮುಗಿದ ಮೇಲೆ ಸ್ವರ್ಣಲತಾಬಾಯಿ ನೇರವಾಗಿ ಇಂದೂಳ ಮನೆಗೆ ನಡೆಯುತ್ತಾರೆ. ಮುಟ್ಟುವಷ್ಟರಲ್ಲಿ ನಳಕ್ಕೆ ನೀರು ಬಂದಿರುತ್ತದೆ. ಇಬ್ಬರೂ ಸಿನಿಮಾದ ಮಾತೆತ್ತದೆ, ಒಂದೊಂದೇ ಕೊಡ ತುಂಬಿ ಒಳಗಿಡುತ್ತಾರೆ.