ಸುಣ್ಣದ ಗೆರೆಯ ಕೊಡ

ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯ ಮುಸ್ಲಿಂ ತಾಯಿಯ ಬಲ ಮೊಣಕೈ ಕೆಳಗೆ ಅಂಗೈಯಗಲ ಚರ್ಮ ಗಾಜಿನಂತೆ ಹೊಳೆಯುತ್ತಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ಸಿಡಿದು ಸುಟ್ಟ ಜಾಗ ಅದು. ಭಟ್ಟಿ ಬಿಟ್ಟ ಮೇಲೂ ಅವರು ಒಲೆ ಬಿಡಲಿಲ್ಲ. ತಮ್ಮ ಮನೆಯ ಹಿತ್ತಿಲಲ್ಲಿ ಭತ್ತದ ಹೊಟ್ಟಿನ ಒಲೆ ಹೂಡಿ, ಕುಡಿಯುವ ನೀರು ಕಾಯಿಸುತ್ತಿದ್ದರು.

ನಲ್ಲಿ ಬಂದಾಗ ನಾವೆಲ್ಲ ಮೊದಲ ಧಾರೆಗೇ ಕೊಡ ಒಡ್ಡುತ್ತಿದ್ದೆವು. ಅವರು ಅದನ್ನು ಅಂಗಳ ತೊಳೆಯಲು ತೆಗೆದಿಟ್ಟು, ತಿಳಿಯಾದ ಮೇಲೆ ಹಿಡಿಯುತ್ತಿದ್ದರು. ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ, ಮುಚ್ಚಿಟ್ಟು, ಎಲೆಅಡಿಕೆ ಚೀಲದ ಸುಣ್ಣದಿಂದ ಕೊಡದ ಹೊರಮೈಗೆ ಒಂದು ಗೆರೆ. ಮರುದಿನ ಇನ್ನೊಂದು. ಮೂರನೆಯದು ಬಿದ್ದರೆ ಆ ನೀರು ಪಾತ್ರೆ ತೊಳೆಯಲು.

"ಕೊಡಕ್ಕೂ ವಿಭೂತಿ ಹಚ್ತೀರಲ್ರಿ ಖಾಲಾ" ಎಂದು ನಗುತ್ತಿದ್ದೆ.

"ನಿಮ್ಮ ಮನಿ ಪಕ್ಕ ಇದ್ದೂ ಇದ್ದೂ ಅದಕ್ಕಾದ್ರೂ ಬುದ್ಧಿ ಬಂದೈತೆ."

ಒಂದು ಮಳೆಗಾಲ, ದಾವಣಗೆರೆಗೆ ನೀರು ಕೊಡುವ ಹರಿಹರದ ಹೊಳೆ ಕೆಂಪಾಗಿ ಉಕ್ಕಿ, ನಮಗೆ ಐದು ದಿನ ನೀರು ಬರಲಿಲ್ಲ. ಡ್ರಮ್ಮಿನ ತಳದ ನೀರನ್ನು ನಾನು ಹಾಗೆಯೇ ಕುಡಿಸಿದ್ದೆ. ನಾಲ್ಕು ವರ್ಷದ ಮಗಳಿಗೆ ವಾಂತಿ ಭೇದಿ ಹಿಡಿಯಿತು. ಡಾಕ್ಟರು ಪುಡಿಯ ಪೊಟ್ಟಣ ಕೊಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಕುಡಿಸುತ್ತಲೇ ಇರಿ ಎಂದರು.

ಕೂಡಿಟ್ಟ ನೀರಿನಲ್ಲಿ ಖಾಲಾ ಬಳಿ ಉಳಿದಿದ್ದು, ಆ ಬೆಳಿಗ್ಗೆ ಕುದಿಸಿಟ್ಟ ಒಂದೇ ಕೊಡ. ಓಡಿಹೋದವಳೇ ಮುಚ್ಚಳ ಸರಿಸಿ ಲೋಟ ಅದ್ದಿದೆ. ಬೆರಳುಗಳೂ ಮುಳುಗಿದವು.

"ನಿಲ್ಲವ್ವ! ಉದ್ದನೆ ಸೌಟು ಯಾಕ ತೂಗುಹಾಕೀನಿ? ಕೂಸಿನ ಮೈ ತೊಳೆದ ಕೈ ಅದು."

"ಅವಳ ಬಾಯಿ ಒಣಗೈತ್ರಿ! ಈಗ ಬ್ಯಾಡ್ರಿ ನಿಮ್ಮ ಶಾಸ್ತ್ರ."

"ಅದಕ್ಕೇ ಹೇಳಾದು. ಕೈ ಅದ್ದಿದ ಮ್ಯಾಲೆ ಅದು ಹಸಿ ನೀರೇ. ಹೋಗು, ಸೋಪು ಹಚ್ಚಿ ಕೈ ತೊಳಿ."

ಅಷ್ಟೂ ನೀರನ್ನು ಮತ್ತೆ ಒಲೆಗೇರಿಸಿದರು. ಕೊತಕೊತ ಕುದ್ದ ಮೇಲೆ, ಒಂದು ತಂಬಿಗೆಯಷ್ಟನ್ನು ಒದ್ದೆ ಮರಳಿನ ತಟ್ಟೆಯಲ್ಲಿಟ್ಟು ಬೀಸಿದರು. ಆ ಹೊತ್ತಿನಲ್ಲಿ ನಾನು ಅವರನ್ನು ಶಪಿಸಿದ್ದೂ ನಿಜ. ಆಮೇಲೆ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಪುಡಿ ಕಲಸಿದ ನೀರನ್ನು ಆ ಸುಟ್ಟ ಕೈಯಿಂದಲೇ ಚಮಚ ಚಮಚವಾಗಿ ಕುಡಿಸಿದರು. ಬೆಳಗಿನಿಂದ ಉಚ್ಚೆಯನ್ನೇ ಹೊಯ್ಯದಿದ್ದ ಮಗಳು ಸಂಜೆಗೆ ಅವರ ಸೀರೆ ಒದ್ದೆ ಮಾಡಿದಳು.

"ನೋಡವ್ವ, ಈ ನಲ್ಯಾಗ ನೀರು ಬಂತು!" ಎಂದು ಖಾಲಾ ಗಟ್ಟಿಯಾಗಿ ನಕ್ಕರು. ನಾನು ಅತ್ತುಬಿಟ್ಟೆ.

ಅಂಥವರ ಗೋಡೆಗೆ ಗೋಡೆ ಹಚ್ಚಿ ಬದುಕಿದ್ದೇನೆ ಎಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಕಳೆದ ವರ್ಷ ಖಾಲಾ ತೀರಿಕೊಂಡರು. ಬಂದವರಿಗೆ ಅವರ ಕೊಡದಿಂದಲೇ ಸೌಟಿನಲ್ಲಿ ನೀರು ಕೊಟ್ಟೆವು. ಕೊಡದ ಮೇಲೆ ಒಂದು ಗೆರೆಯಿತ್ತು, ಅವರೇ ಎಳೆದದ್ದು. ಮರುದಿನ ನನ್ನ ಮಗಳು ಅವರ ಮನೆಯವರಲ್ಲಿ ಎಲೆಅಡಿಕೆ ಚೀಲದ ಸುಣ್ಣ ಕೇಳಿ ಪಡೆದು, ಎರಡನೆಯದನ್ನು ಎಳೆದಳು.